ಎಲ್ಲರಿಗೂ ಚಪ್ಪಾಳೆ: ಎಂಟನೇ ತರಗತಿಯ ಒಂದು ಪ್ರಕರಣ

ಯಾದಗಿರಿ ಜಿಲ್ಲೆ, ಶಹಾಪುರ ತಾಲ್ಲೂಕು, ಒಂದು ಸರ್ಕಾರಿ ಪ್ರೌಢಶಾಲೆ. ಎಂಟನೇ ತರಗತಿ, ಗಣಿತ. ಊರಿನ ಹೆಸರು, ಮಕ್ಕಳ ಹೆಸರು, ಮೇಷ್ಟ್ರ ಹೆಸರು ಯಾವುದೂ ಬೇಡ. ನಾನು ಅದೇ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ, ಹಾಗಾಗಿ ಇದನ್ನೆಲ್ಲ ಹತ್ತಿರದಿಂದ ನೋಡಿದ್ದೇನೆ. ಮಕ್ಕಳನ್ನು ಎಷ್ಟು ಹೊಗಳಬೇಕು ಅನ್ನೋ ಜಗಳ ನಮ್ಮ ಸ್ಟಾಫ್ ರೂಮಿನಲ್ಲಿ ಪ್ರತಿ ವರ್ಷ ಆಗುತ್ತದೆ. ಹೊಗಳಿದರೆ ತಲೆಗೇರುತ್ತದೆ ಅನ್ನೋರು ಒಂದು ಕಡೆ, ಹೊಗಳದಿದ್ದರೆ ಮಕ್ಕಳು ಬಾಡಿ ಹೋಗುತ್ತವೆ ಅನ್ನೋರು ಇನ್ನೊಂದು ಕಡೆ. ಈ ಪ್ರಕರಣ ನೋಡಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ಎಷ್ಟು ಹೊಗಳಿದೆವು ಅನ್ನುವುದರ ಲೆಕ್ಕ ಬಿಟ್ಟು, ಯಾವುದನ್ನು ಹೊಗಳಿದೆವು ಅಂತ ನೋಡಬೇಕು.

ಗಣಿತದ ಸರ್ ಅತಿಥಿ ಶಿಕ್ಷಕರು. ಚಿಕ್ಕ ವಯಸ್ಸು, ಬಿಎಡ್ ಮುಗಿಸಿ ಜಾಸ್ತಿ ದಿನ ಆಗಿಲ್ಲ, ಇದೇ ಸೀಮೆಯವರು. ಅವರಿಗಿಂತ ಮೊದಲು ಇದ್ದವರ ಕ್ಲಾಸಿನಲ್ಲಿ ಮಕ್ಕಳು ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಗಣಿತದ ಪೀರಿಯಡ್ ಬಂತು ಅಂದರೆ ಹಿಂದಿನ ಬೆಂಚಿನವರಿಗೆ ಹೊಟ್ಟೆನೋವು ಶುರು, ಹೊರಗೆ ಬೇವಿನ ಗಿಡದ ಕೆಳಗೇ ಪೀರಿಯಡ್ ಮುಗಿಯುತ್ತಿತ್ತು. ಹೊಸ ಸರ್ ಬಂದವರೇ ಒಂದು ತೀರ್ಮಾನ ಮಾಡಿದರು. ತಮ್ಮ ಕ್ಲಾಸಿನಲ್ಲಿ ಯಾವ ಮಗುವೂ ಬೈಗುಳ ಕೇಳಬಾರದು. ಉತ್ತರ ಸರಿಯಿದ್ದರೆ ‘ಸೂಪರ್’, ಅರ್ಧ ಸರಿಯಿದ್ದರೆ ‘ವೆರಿ ಗುಡ್’, ಬೋರ್ಡಿನ ತನಕ ಬಂದು ಸುಮ್ನೆ ನಿಂತರೂ ‘ಭೇಷ್’, ಮತ್ತೆ ಪ್ರತಿಯೊಂದಕ್ಕೂ ಇಡೀ ಕ್ಲಾಸಿನಿಂದ ಮೂರು ಚಪ್ಪಾಳೆ. ಮಕ್ಕಳಿಗೆ ಅವರು ತುಂಬಾ ಹಿಡಿಸಿದರು. ಹೊಟ್ಟೆನೋವು ನಿಂತಿತು, ಬೆಂಚು ತುಂಬಿತು. ಇದು ದೊಡ್ಡ ವಿಷಯ, ಮುಂದೆ ಬರೆಯುವುದನ್ನು ಓದುವಾಗ ಯಾರೂ ಇದನ್ನು ಮರೆಯಬಾರದು.

ಅವರು ಹಾಗೆ ಮಾಡಿದ್ದಕ್ಕೆ ಕಾರಣವೂ ಇತ್ತು. 2024ರ ಎಸ್‌ಎಸ್‌ಎಲ್‌ಸಿ ಮೊದಲ ಪರೀಕ್ಷೆಯಲ್ಲಿ ಯಾದಗಿರಿ ಶೇ 50.59 ಫಲಿತಾಂಶದೊಂದಿಗೆ ರಾಜ್ಯಕ್ಕೇ ಕೊನೆ. 2025ರಲ್ಲಿ ಆ ಜಾಗಕ್ಕೆ ಪಕ್ಕದ ಕಲಬುರಗಿ ಬಂತು, ಶೇ 42.43. ಫಲಿತಾಂಶ ಬಂದ ದಿನ ಟಿವಿ, ಪೇಪರ್, ಮೊಬೈಲ್ ಎಲ್ಲದರಲ್ಲೂ ಅದೇ ಪಟ್ಟಿ, ಮೇಲೆ ಕರಾವಳಿ, ಕೆಳಗೆ ನಾವು. ನಮ್ಮ ಮಕ್ಕಳು ಇದನ್ನೆಲ್ಲ ನೋಡುತ್ತಾರೆ. ‘ಊರೆಲ್ಲ ಇವರಿಗೆ ದಡ್ಡರು ಅಂತದ, ನಾನೂ ಅದನ್ನೇ ಅನ್ನಬೇಕೇನ್ರಿ?’ ಅಂತ ಗಣಿತದ ಸರ್ ಒಮ್ಮೆ ಕೇಳಿದರು. ಅದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಆದರೆ ಎಸ್‌ಎ1, ಅಂದರೆ ಅರ್ಧವಾರ್ಷಿಕ ಪರೀಕ್ಷೆ, ಮುಗಿದ ಮೇಲೆ ಅಂಕ ನೋಡಿದರೆ ಕ್ಲಾಸು ಜೂನ್‌ನಲ್ಲಿ ಎಲ್ಲಿತ್ತೋ ಅಲ್ಲೇ ಇತ್ತು. ಮಕ್ಕಳು ಖುಷಿಯಾಗಿದ್ದಾರೆ, ಕೈ ಎತ್ತುತ್ತಾರೆ, ಲೆಕ್ಕ ಮಾತ್ರ ಬರುವುದಿಲ್ಲ. ದಸರಾ ರಜೆ ಮುಗಿದ ಮೇಲೆ ಸರ್ ನನ್ನನ್ನು ಕ್ಲಾಸಿನಲ್ಲಿ ಬಂದು ಕೂತು ನೋಡಿ ಅಂದರು. ಆ ಮಾತು ಕೇಳಲು ಧೈರ್ಯ ಬೇಕು. ನಮ್ಮ ಕಡೆ ಇನ್ನೊಬ್ಬರನ್ನು ಕ್ಲಾಸಿಗೆ ಕರೆಯುವುದು ಅಂದರೆ ತಪಾಸಣೆ ಅಂತಲೇ ಅರ್ಥ ಅಲ್ವಾ.

ಅಲ್ಲಿ ನನ್ನ ಗಮನಕ್ಕೆ ಬಂದವರು ಇಬ್ಬರು, ಹಿಂದಿನ ಬೆಂಚಿನ ಒಬ್ಬ ಹುಡುಗ, ಮುಂದಿನ ಬೆಂಚಿನ ಒಬ್ಬ ಹುಡುಗಿ.

ಹುಡುಗ ತಾಂಡಾದವನು. ಮನೆಯಲ್ಲಿ ಲಂಬಾಣಿ ಮಾತು. ಅಪ್ಪ ಅಮ್ಮ ಕಟ್ಟಡ ಕೆಲಸಕ್ಕೆ ಬೆಂಗಳೂರಿಗೆ ಹೋಗುತ್ತಾರೆ, ಇವನು ಅಜ್ಜಿಯ ಜೊತೆ. ಆರನೇ ತರಗತಿಯ ಅರ್ಧ ವರ್ಷ ಅವರ ಜೊತೆಗೇ ಹೋಗಿ ಶಾಲೆ ತಪ್ಪಿತ್ತು, ಭಿನ್ನರಾಶಿ ತಪ್ಪಿದ್ದೂ ಅಲ್ಲೇ. ಅವತ್ತು ಬೋರ್ಡಿನ ಮೇಲೆ ಇದ್ದ ಲೆಕ್ಕ: 5 ಎಕ್ಸ್ + 7 = 2 ಎಕ್ಸ್ + 22. ಅವನು ಬಂದು 7 ಎಕ್ಸ್ = 15 ಅಂತ ಬರೆದು ನಿಂತ. ಸರ್, ‘ವೆರಿ ಗುಡ್, ಧೈರ್ಯ ಮಾಡಿ ಬಂದಿಯಲ್ಲ, ಚಪ್ಪಾಳೆ!’ ಅಂದರು. ಚಪ್ಪಾಳೆ ಆಯ್ತು. ಆಮೇಲೆ ತಾವೇ ಡಸ್ಟರ್ ತಗೊಂಡು ಅದನ್ನು ಒರೆಸಿ 3 ಎಕ್ಸ್ = 15 ಅಂತ ಬರೆದು ಮುಂದೆ ಹೋದರು. ಹುಡುಗ ಬೆಂಚಿಗೆ ಹೋಗಿ ಕೂತ, ಬೋರ್ಡಿನ ಕಡೆ ತಿರುಗಿಯೂ ನೋಡಲಿಲ್ಲ.

ಈ ತಪ್ಪನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಆ 15 ಸುಮ್ನೆ ಬಂದಿದ್ದಲ್ಲ. ಎಡಗಡೆಯ 7 ಬಲಗಡೆಗೆ ಹೋದಾಗ ಚಿಹ್ನೆ ಬದಲಾಗಬೇಕು ಅಂತ ಅವನಿಗೆ ಗೊತ್ತಿತ್ತು, 22ರಿಂದ 7 ಕಳೆದಿದ್ದ. 2 ಎಕ್ಸ್ ಎಡಕ್ಕೆ ಬರುವಾಗ ಮಾತ್ರ ಚಿಹ್ನೆ ಬದಲಿಸದೆ ಕೂಡಿಸಿಬಿಟ್ಟಿದ್ದ. ಅಂದರೆ ಕೆಲಸದಲ್ಲಿ ಅರ್ಧ ನಿಜವಾಗಿಯೂ ಸರಿ, ಹೊಗಳಲು ಯೋಗ್ಯವಾದದ್ದೇ. ಆ ಅರ್ಧ ಯಾವುದು ಅಂತ ಮಾತ್ರ ಯಾರೂ ಅವನಿಗೆ ಹೇಳಲಿಲ್ಲ. ಬೋರ್ಡಿಗೆ ಬಂದದ್ದಕ್ಕೆ ಚಪ್ಪಾಳೆ ಸಿಕ್ಕಿತು, ಸರಿ ಮಾಡಿದ್ದು ತಪ್ಪು ಮಾಡಿದ್ದು ಎರಡೂ ಒಂದೇ ಡಸ್ಟರಿನಲ್ಲಿ ಹೋಯಿತು.

ಬಿಸಿಯೂಟದ ಹೊತ್ತಿನಲ್ಲಿ ಅವನನ್ನು ಮಾತಾಡಿಸಿದೆ. ಗಣಿತ ಹೆಂಗಿದೆ ಅಂದದ್ದಕ್ಕೆ, ‘ಚಲೋ ಅದರಿ’ ಅಂದ. ಚಪ್ಪಾಳೆ ಸಿಕ್ಕಿತಲ್ಲ ಅಂದೆ. ‘ನಂಗ ಬರಲ್ಲ ಅಂತ ಸರಿಗಿ ಗೊತ್ತದ್ರಿ. ಅದಕ್ಕೇ ಹೊಡಸ್ತಾರ. ಮುಂದಿನ ಬೆಂಚಿನ ಆಕಿ ತಪ್ಪು ಮಾಡಿದ್ರ, ನೀ ಹಿಂಗ ಮಾಡಬಾರದು ಅಂತಾರ.’

ಹದಿಮೂರು ವರ್ಷದ ಹುಡುಗ ಇಷ್ಟನ್ನು ತಾನೇ ಲೆಕ್ಕ ಹಾಕಿಕೊಂಡಿದ್ದ. ಜರ್ಮನಿಯ ಮನಶ್ಶಾಸ್ತ್ರಜ್ಞ ವುಲ್ಫ್ ಉವೆ ಮೇಯರ್ ಮತ್ತು ಜೊತೆಯವರು 1979ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದೇ ಕಾಣುತ್ತದೆ. ಸುಲಭದ ಕೆಲಸವನ್ನು ಇಬ್ಬರು ಒಂದೇ ಥರ ಮಾಡಿದ್ದಾರೆ, ಮೇಷ್ಟ್ರು ಒಬ್ಬರನ್ನು ಹೊಗಳಿದರು, ಇನ್ನೊಬ್ಬರಿಗೆ ಏನೂ ಅನ್ನಲಿಲ್ಲ. ಇಬ್ಬರಲ್ಲಿ ಯಾರ ಸಾಮರ್ಥ್ಯ ಕಡಿಮೆ ಅಂತ ನೋಡುವವರನ್ನು ಕೇಳಿದರೆ ಅವರು ಹೊಗಳಿಸಿಕೊಂಡವರನ್ನೇ ತೋರಿಸಿದರು. ಚಿಕ್ಕ ಮಕ್ಕಳಿಗೆ ಈ ಯೋಚನೆ ಬರುವುದಿಲ್ಲ, ಅವರಿಗೆ ಹೊಗಳಿಕೆ ಅಂದರೆ ಹೊಗಳಿಕೆಯೇ. ದೊಡ್ಡವರಾಗುತ್ತ ಅದು ತಿರುವು ಪಡೆಯುತ್ತದೆ. ಆಟ, ಚಟುವಟಿಕೆಗಳ ಮೂಲಕ ಕಲಿಸುವ ನಲಿ ಕಲಿಯ ಒಂದನೇ ತರಗತಿಯಲ್ಲಿ ನಡೆಯುವ ಚಪ್ಪಾಳೆ ಎಂಟನೇ ತರಗತಿಯಲ್ಲಿ ನಡೆಯದೇ ಇರುವುದಕ್ಕೆ ಇದೊಂದು ಕಾರಣ.

ಇನ್ನು ಹುಡುಗಿ. ಅಪ್ಪನದು ಬೀಜ ಗೊಬ್ಬರದ ಅಂಗಡಿ. ಒಂದನೇ ತರಗತಿಯಿಂದ ಊರಿನವರ ಬಾಯಲ್ಲಿ ‘ಭಾಳ ಶಾಣ್ಯಾ ಹುಡುಗಿ’. ಬರೀ ಸಮೀಕರಣ ಕೊಟ್ಟರೆ ಎಲ್ಲರಿಗಿಂತ ಮೊದಲು ಕೈ ಎತ್ತುತ್ತಾಳೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ವಾಕ್ಯದ ರೂಪದ ಲೆಕ್ಕ ಬಂದ ಕೂಡಲೇ ನೀರಿನ ಬಾಟಲಿ ನೆನಪಾಗುತ್ತದೆ, ಇಲ್ಲವೇ ಪೆನ್ಸಿಲ್ ಚೂಪು ಮಾಡಬೇಕು. ಅವಳ ನೋಟ್‌ಬುಕ್ ತೆಗೆದು ನೋಡಿದೆ. ಮುತ್ತಿನಂಥ ಅಕ್ಷರ, ಒಂದೂ ಕಾಟು ಇಲ್ಲ. ತಪ್ಪಾದ ಕಡೆ ರಬ್ಬರಿನಿಂದ ಎಷ್ಟು ತಿಕ್ಕಿದ್ದಾಳೆ ಅಂದರೆ ಕಾಗದ ತೂತಾಗಿದೆ. ತಂದೆಯ ವಯಸ್ಸು ಮಗನ ವಯಸ್ಸಿನ ಮೂರು ಪಟ್ಟು, 12 ವರ್ಷದ ಮೇಲೆ ಎರಡು ಪಟ್ಟು, ಈಗ ಇಬ್ಬರ ವಯಸ್ಸು ಎಷ್ಟು? ಅದಕ್ಕೆ ಅವಳು 12 ಮತ್ತು 36 ಅಂತ ಸರಿಯಾದ ಉತ್ತರ ಬರೆದಿದ್ದಳು, ಮೇಲೆ ಒಂದು ಸಾಲೂ ಇಲ್ಲ. ಗೈಡಿನಿಂದ ಬಂದದ್ದು ಅಂತ ಯಾರಿಗಾದರೂ ಗೊತ್ತಾಗುತ್ತದೆ. ಕೆಂಪು ಇಂಕಿನಲ್ಲಿ ಸರ್ ‘ಎಕ್ಸಲೆಂಟ್’ ಅಂತ ಬರೆದಿದ್ದರು. ನಂತರ ಒಂದು ದಿನ ಸರ್ ಅದು ಹೇಗೆ ಬಂತು ಅಂತ ಮೆಲ್ಲಗೆ ಕೇಳಿದಾಗ ಅವಳು ಅತ್ತುಬಿಟ್ಟಳು.

ಅಳು ಯಾಕೆ? 1998ರಲ್ಲಿ ಮನಶ್ಶಾಸ್ತ್ರಜ್ಞರಾದ ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ ಅಮೆರಿಕದ ಐದನೇ ತರಗತಿಯ ಮಕ್ಕಳ ಮೇಲೆ ಮಾಡಿದ ಅಧ್ಯಯನ ಪ್ರಕಟಿಸಿದರು. ಮಕ್ಕಳಿಗೆ ಮೊದಲು ಬಿಡಿಸಲು ಬರುವಂಥ ಒಗಟು ಕೊಟ್ಟರು. ಕೆಲವರಿಗೆ ‘ನೀನು ಬುದ್ಧಿವಂತ’ ಅಂದರು, ಕೆಲವರಿಗೆ ‘ಚೆನ್ನಾಗಿ ಶ್ರಮ ಹಾಕಿದೆ’ ಅಂದರು. ಆಮೇಲೆ ತುಂಬಾ ಕಷ್ಟದ ಒಗಟು ಕೊಟ್ಟು ಎಲ್ಲರೂ ಸೋಲುವಂತೆ ಮಾಡಿದರು. ಮತ್ತೆ ಮೊದಲಿನಂಥದ್ದೇ ಕೊಟ್ಟಾಗ ಬುದ್ಧಿವಂತ ಅನ್ನಿಸಿಕೊಂಡವರು ಮೊದಲಿಗಿಂತ ಕಡಿಮೆ ಬಿಡಿಸಿದರು, ಶ್ರಮಕ್ಕೆ ಮಾತು ಕೇಳಿದವರು ಜಾಸ್ತಿ ಬಿಡಿಸಿದರು. ಹೆಸರು ಹೇಳದೆ ತಮ್ಮ ಅಂಕ ಇನ್ನೊಂದು ಶಾಲೆಯ ಮಕ್ಕಳಿಗೆ ಬರೆಯಿರಿ ಅಂದಾಗ, ಬುದ್ಧಿವಂತ ಅನ್ನಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 38 ಮಕ್ಕಳು ಅಂಕ ಏರಿಸಿ ಬರೆದರು, ಶ್ರಮದವರಲ್ಲಿ ಸುಮಾರು 13. ಆ ಮಕ್ಕಳು ಕೆಟ್ಟವರಲ್ಲ. ಬುದ್ಧಿವಂತ ಅನ್ನೋ ಹೆಸರು ಕೊಟ್ಟ ಮೇಲೆ ಅದನ್ನು ಕಾಪಾಡಿಕೊಳ್ಳಬೇಕಲ್ಲ, ಒಂದು ತಪ್ಪು ಸಾಲು ಕಂಡರೂ ಅದು ಹೋಗುತ್ತದೆ. ನಮ್ಮ ಹುಡುಗಿ ಕಾಗದ ತೂತಾಗುವ ತನಕ ಅಳಿಸುತ್ತಿದ್ದದ್ದು ಅದಕ್ಕೇ.

ಒಂದೇ ಕ್ಲಾಸು, ಒಂದೇ ಚಪ್ಪಾಳೆ. ಒಬ್ಬನಿಗೆ ಅದು ‘ನಿನ್ನಿಂದ ಇಷ್ಟೇ’ ಅಂತ ಕೇಳಿಸಿತು, ಇನ್ನೊಬ್ಬಳಿಗೆ ‘ಎಡವಬೇಡ’ ಅಂತ.

ಇದನ್ನೆಲ್ಲ ಸ್ಟಾಫ್ ರೂಮಿನಲ್ಲಿ ಇಟ್ಟಾಗ ಹಿರಿಯ ಹಿಂದಿ ಸರ್, ‘ನಾ ಮೊದಲೇ ಹೇಳಿದ್ದೆ’ ಅಂದರು. ಅವರ ಕ್ಲಾಸಿನಲ್ಲಿ ಹೊಗಳಿಕೆ ಅನ್ನೋದೇ ಇಲ್ಲ. ಅವರ ಮಾತಿನಲ್ಲಿ ಒಂದು ಪಾಲು ಸತ್ಯ ಇದೆ, ಅವರ ಮಕ್ಕಳಿಗೆ ತಾವು ಎಲ್ಲಿ ತಪ್ಪಿದ್ದೇವೆ ಅಂತ ಸ್ಪಷ್ಟವಾಗಿ ಗೊತ್ತಿರುತ್ತದೆ. ಆದರೆ ಅವರ ಕ್ಲಾಸಿನಲ್ಲಿ ಒಂದು ಮಗುವೂ ತಾನಾಗಿ ಪ್ರಶ್ನೆ ಕೇಳಿದ್ದನ್ನು ನಾನು ನೋಡಿಲ್ಲ. ಈ ಸೀಮೆಯ ಎಷ್ಟೋ ಮಕ್ಕಳು ಮನೆಯಲ್ಲೂ ಹೊಲದಲ್ಲೂ ಒಂದು ಒಳ್ಳೆ ಮಾತು ಕೇಳದೆ ಬೆಳೆಯುತ್ತಾರೆ. ಅವರಿಗೆ ಶಾಲೆಯಲ್ಲೂ ಅದನ್ನು ನಿಲ್ಲಿಸಿ ಅನ್ನುವ ಸಲಹೆಯನ್ನು ನಾನು ಒಪ್ಪುವುದಿಲ್ಲ.

ಮಾತಾಡುತ್ತ ಹೋದಂತೆ ಒಂದು ವಿಷಯ ಬಿಡಿಸಿಕೊಂಡಿತು. ಸರ್ ಹೊಡೆಸುತ್ತಿದ್ದ ಚಪ್ಪಾಳೆಯಲ್ಲಿ ಎರಡು ಬೇರೆ ಬೇರೆ ವಸ್ತು ಕಲೆತಿದ್ದವು. ಒಂದು ಅಕ್ಕರೆ: ನೀನು ನಮ್ಮವನು, ನೀನು ಬಂದದ್ದು ನನಗೆ ಸಂತೋಷ. ಇನ್ನೊಂದು ಕೆಲಸದ ಬಗ್ಗೆ ತೀರ್ಪು. ಅಕ್ಕರೆಗೆ ಯಾವ ಷರತ್ತೂ ಬೇಡ, ಅದು ದಿನಾ ಎಲ್ಲರಿಗೂ ಸಿಗಬೇಕು, ಲೆಕ್ಕ ಬರಲಿ ಬಿಡಲಿ. ತೀರ್ಪು ಮಾತ್ರ ನಿಜ ಇರಬೇಕು. ಎರಡನ್ನೂ ಒಂದೇ ಚಪ್ಪಾಳೆಯಲ್ಲಿ ಕೊಟ್ಟರೆ ಮಗುವಿಗೆ ಎರಡೂ ಸಿಗುವುದಿಲ್ಲ.

ಸರ್ ಮರುದಿನದಿಂದಲೇ ಚಪ್ಪಾಳೆ ನಿಲ್ಲಿಸಿದರು. ಅದು ಅಷ್ಟು ಸುಲಭ ಇರಲಿಲ್ಲ. ‘ಸರ್ ಸಿಟ್ಟಾಗ್ಯಾರ’ ಅಂತ ಮಕ್ಕಳು ಅಂದುಕೊಂಡರು. ಕೈ ಎತ್ತುವವರು ಕಡಿಮೆಯಾದರು, ಇಬ್ಬರು ಮೂವರು ಮತ್ತೆ ಬೇವಿನ ಗಿಡದ ಕಡೆ ಹೊರಟರು. ರೂಢಿಯಾದ ಹೊಗಳಿಕೆ ಏಕಾಏಕಿ ನಿಂತರೆ ಅದೇ ಒಂದು ಶಿಕ್ಷೆ. ಕೊನೆಗೆ ಸರ್ ಮಕ್ಕಳ ಹತ್ತಿರವೇ ಬಿಚ್ಚಿ ಹೇಳಿದರು: ‘ನಂಗ ನಿಮ್ಮ ಮ್ಯಾಲ ಸಿಟ್ಟಿಲ್ಲ. ಇನ್ನ ಮ್ಯಾಲ ಬರೀ ವೆರಿ ಗುಡ್ ಅನ್ನಲ್ಲ, ಏನು ಸರಿ ಅದ ಅಂತ ಹೇಳ್ತೀನಿ.’ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ಹೆಸರು ಹಿಡಿದು ಮಾತಾಡಿಸಿ ಒಳಗೆ ಬಿಡುವ ಅಭ್ಯಾಸವನ್ನೂ ಅವರು ಆಗಲೇ ಶುರು ಮಾಡಿದ್ದು. ಗೈರಾಗಿದ್ದವರಿಗೆ ಎಲ್ಲಿ ಹೋಗಿದ್ದಿ, ಊಟ ಆಯ್ತಾ, ಅಜ್ಜಿ ಹೆಂಗದಾರ. ಅಕ್ಕರೆಗೆ ಒಂದು ಜಾಗ ಸಿಕ್ಕಿತು.

ನೋಟ್‌ಬುಕ್ಕಿನಲ್ಲಿ ‘ಗುಡ್’ ಹೋಗಿ ಒಂದು ಸಾಲು ಬಂತು: ಸರಿ ಇರುವುದು ಯಾವುದು ಅಂತ ಹೇಳುವ ಮಾತು, ಹಿಂದೆಯೇ ಒಂದು ಪ್ರಶ್ನೆ. ಆ ಹುಡುಗನಿಗೆ ಅಂಥದ್ದೇ ಇನ್ನೊಂದು ಸಮೀಕರಣದಲ್ಲಿ ಅದೇ ತಪ್ಪು ಬಂದಾಗ ಬರೆದದ್ದು ಹೀಗೆ: ‘7 ಆ ಕಡೆ ಹೋಗುವಾಗ ಚಿಹ್ನೆ ಬದಲಿಸಿದ್ದಿ, ಅದು ಪೂರ್ತಿ ಸರಿ. 2 ಎಕ್ಸ್ ಈ ಕಡೆ ಬರುವಾಗ ಏನು ಮಾಡಿದಿ?’ ಅವನು ಅದನ್ನು ಬಹಳ ಹೊತ್ತು ನೋಡಿ, ಎದ್ದು ಬಂದು, ‘ಅದಕ್ಕೂ ಬದಲಾಗ್ತದೇನ್ರಿ?’ ಅಂತ ಕೇಳಿದ. ಆ ವರ್ಷ ಅವನು ಗಣಿತದಲ್ಲಿ ತಾನಾಗಿ ಕೇಳಿದ ಮೊದಲ ಪ್ರಶ್ನೆ ಅದು ಅಂತ ಸರ್ ಹೇಳಿದರು. ಹೌದು ಅಥವಾ ಇಲ್ಲ ಅನ್ನದೆ, ಅವನು ಮೊದಲು ತಪ್ಪಿದ್ದ ಬೋರ್ಡಿನ ಲೆಕ್ಕವನ್ನೇ ಮತ್ತೆ ಬಿಡಿಸಲು ಕೊಟ್ಟು, ಬಂದ ಉತ್ತರವನ್ನು ಎರಡೂ ಕಡೆ ಹಾಕಿ ತಾಳೆ ನೋಡಲು ಹೇಳಿದರು. ಎಕ್ಸ್ = 5. ಎಡಕ್ಕೆ 25 + 7, 32. ಬಲಕ್ಕೆ 10 + 22, 32.

ಇಡೀ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಈ ತಾಳೆ ನೋಡುವುದು. ಅಲ್ಲಿಯ ತನಕ ಉತ್ತರ ಸರಿ ಇದೆಯೋ ಇಲ್ಲವೋ ಅಂತ ತಿಳಿಯಲು ಅವನು ಸರ್ ಮುಖ ನೋಡಬೇಕಿತ್ತು. ಸರ್ ಮುಖದಲ್ಲಿ ಯಾವಾಗಲೂ ‘ವೆರಿ ಗುಡ್’ ಇರುತ್ತಿದ್ದರಿಂದ ಅದರಿಂದಲೂ ಏನೂ ತಿಳಿಯುತ್ತಿರಲಿಲ್ಲ. ಎರಡು ಕಡೆ 32 ಬಂದಾಗ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಗಣಿತ ಮೇಷ್ಟ್ರಿಗೆ ಇದು ವರ. ವಿಜ್ಞಾನದಲ್ಲಿ ನಾನು ಪ್ರಯೋಗ ಮಾಡಿಸಿ ಒಂದಿಷ್ಟು ಹೀಗೆ ಮಾಡಬಹುದು, ಕನ್ನಡದ ಪ್ರಬಂಧ ಕಲಿಸುವವರಿಗೆ ಇದು ನಿಜವಾಗಿ ಕಷ್ಟ.

ಅಂಕದ ವಿಷಯ ಬೇರೆ ತಲೆನೋವು. ಎಫ್‌ಎ, ಅಂದರೆ ವರ್ಷದ ನಡುವೆ ಆಗಾಗ ಮಾಡುವ ಮೌಲ್ಯಮಾಪನದ, ಅಂಕ ಕೊಡಲೇಬೇಕು, ದಾಖಲಿಸಲೇಬೇಕು. ಆದರೆ ಅಂಕ ಮತ್ತು ಟಿಪ್ಪಣಿ ಒಟ್ಟಿಗೆ ಕೊಟ್ಟರೆ ಮಕ್ಕಳು ಅಂಕ ನೋಡಿ ಪುಸ್ತಕ ಮುಚ್ಚುತ್ತಾರೆ. ಇಸ್ರೇಲಿನ ಸಂಶೋಧಕಿ ರೂತ್ ಬಟ್ಲರ್ 1988ರಲ್ಲಿ ತೋರಿಸಿದ್ದೂ ಅದೇ: ಬರೀ ಟಿಪ್ಪಣಿ ಸಿಕ್ಕ ಮಕ್ಕಳು ಮುಂದಿನ ಕೆಲಸದಲ್ಲಿ ಸುಧಾರಿಸಿದರು, ಅಂಕದ ಜೊತೆ ಟಿಪ್ಪಣಿ ಸಿಕ್ಕವರಿಗೆ ಆ ಲಾಭ ಸಿಗಲಿಲ್ಲ. ಸರ್ ಮಾಡಿದ್ದು ಸರಳ. ಮೊದಲು ಟಿಪ್ಪಣಿ ಮಾತ್ರ ಬರೆದು ಪುಸ್ತಕ ಹಿಂದೆ ಕೊಡುವುದು, ಮಕ್ಕಳು ತಿದ್ದಿ ತಂದ ಮೇಲೆ ಅಂಕ ಹೇಳುವುದು. ನಲವತ್ತಕ್ಕೂ ಹೆಚ್ಚು ಪುಸ್ತಕ, ಒಂದೇ ದಿನ ಆಗುವ ಮಾತಲ್ಲ, ದಿನಕ್ಕೆ ಒಂದು ಸಾಲು ಬೆಂಚು ಅಂತ ಹಂಚಿಕೊಂಡರು.

ನಡುವೆ ಒಂದು ತಿರುವು ಬಂತು. ‘ಶ್ರಮ ಹೊಗಳಬೇಕು’ ಅಂತ ಓದಿದ ಮೇಲೆ ಸರ್ ಬಾಯಲ್ಲಿ ‘ಸೂಪರ್’ ಜಾಗಕ್ಕೆ ‘ಭಾಳ ಕಷ್ಟಪಟ್ಟಿ’ ಬಂದು ಕೂತಿತು. ತಪ್ಪು ರೀತಿಯಲ್ಲೇ ಐದು ಲೆಕ್ಕ ಬರೆದವನಿಗೂ ಅದೇ ಮಾತು. ಇದೂ ಹಳೆಯ ಚಪ್ಪಾಳೆಯೇ, ಬಟ್ಟೆ ಬದಲಿಸಿಕೊಂಡು ಬಂದಿತ್ತು. ಡ್ವೆಕ್ ಅವರೇ 2015ರಲ್ಲಿ ಈ ಬಗ್ಗೆ ಎಚ್ಚರಿಸಿದ್ದರು, ಕಲಿಕೆ ಆಗದಿದ್ದಾಗ ಶ್ರಮವನ್ನು ಹೊಗಳುವುದು ಬರೀ ಸಮಾಧಾನದ ಬಹುಮಾನ ಅಂತ. ಮಗು ತನ್ನ ರೀತಿಯನ್ನು ಬದಲಿಸಿಕೊಂಡಿತಾ, ಹೊಸ ದಾರಿ ಹಿಡಿಯಿತಾ, ಅದನ್ನು ಹಿಡಿದು ಹೇಳಬೇಕು. ಸರ್ ಬೇಗ ತಿದ್ದಿಕೊಂಡರು.

ಹುಡುಗಿಯ ಜೊತೆ ಕೆಲಸ ನಿಧಾನ ಆಯ್ತು. ಅವಳಿಗೆ ಬೇಕೆಂದೇ ಸ್ವಲ್ಪ ಕಷ್ಟದ ವಾಕ್ಯದ ಲೆಕ್ಕ ಕೊಟ್ಟು, ‘ಉತ್ತರ ಬೇಡ, ಮೊದಲ ಎರಡು ಸಾಲು ಸಾಕು’ ಅಂದರು. ರಬ್ಬರ್ ಬಳಸಬೇಡ, ತಪ್ಪಾದರೆ ಒಂದು ಗೆರೆ ಎಳಿ. ಮೊದಮೊದಲು ಅವಳು ಪುಸ್ತಕವನ್ನೇ ಕೊಡಲಿಲ್ಲ. ಅವಳ ಅಪ್ಪ ಪೋಷಕರ ಸಭೆಯಲ್ಲಿ ಗರಂ ಆದರು: ‘ನಮ್ಮ ಹುಡುಗಿಗಿ ಮೊದಲು ಎಕ್ಸಲೆಂಟ್ ಬರ್ತಿತ್ತು, ಈಗ ಬರೀ ಪ್ರಶ್ನೆ ಬರೀತೀರಿ.’ ಕಲ್ಯಾಣ ಕರ್ನಾಟಕದವರಿಗೆ ಇರುವ 371ಜೆ ಮೀಸಲಾತಿಯಲ್ಲಿ ಮೆಡಿಕಲ್ ಸೀಟು ಅನ್ನೋ ಆಸೆ ಆ ಮನೆಯಲ್ಲಿ ಈಗಲೇ ಇದೆ. ಅದು ತಪ್ಪಲ್ಲ, ಆ ಆಸೆ ಇರಲೇಬೇಕು. ಆದರೆ ಆ ದಾರಿಯಲ್ಲಿ ಬರುವುದೆಲ್ಲ ಮೊದಲ ನೋಟಕ್ಕೆ ಗೊತ್ತಾಗದ ಪ್ರಶ್ನೆಗಳೇ. ಸರ್ ಅಪ್ಪನಿಗೆ ಆ ತೂತು ಬಿದ್ದ ಹಾಳೆ ತೋರಿಸಿದರು. ಅವರು ಪೂರ್ತಿ ಒಪ್ಪಲಿಲ್ಲ, ಸುಮ್ಮನಾದರು.

ಅದೇ ಸಭೆಗೆ ಹುಡುಗನ ಅಜ್ಜಿಯೂ ಬಂದಿದ್ದರು. ‘ಅವನಿಗಿ ಬೈಲಿಲ್ಲಂದ್ರ ಸಾಕ್ರಿ’ ಅಂದರು. ಸರ್ ಅವರಿಗೆ, ನಿಮ್ಮ ಮೊಮ್ಮಗ ತನ್ನ ಲೆಕ್ಕ ತಪ್ಪಾಗಿದೆ ಅಂತ ತಾನೇ ಕಂಡುಹಿಡಿದು ತಿದ್ದಿದ, ಕ್ಲಾಸಿನಲ್ಲಿ ಜಾಸ್ತಿ ಮಕ್ಕಳು ಹಾಗೆ ತಾಳೆ ನೋಡುವುದಿಲ್ಲ ಅಂದರು. ಎಲ್ಲರ ಮುಂದೆ ಹೇಳಿದ ಮಾತು ಅದು, ಮತ್ತೆ ಒಂದಕ್ಷರವೂ ಸುಳ್ಳಿರಲಿಲ್ಲ. ನಾಲ್ಕು ಜನರ ಮುಂದೆ ಹೊಗಳುವುದು ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಇಂಥ ಮಾತು ತಾಂಡಾದ ತನಕ ಹೋಗಬೇಕು.

ಆಮೇಲೆ ಹತ್ತಿ ಬಿಡಿಸುವ ದಿನಗಳು ಬಂದವು, ಹಾಜರಿ ಕುಸಿಯಿತು, ಈ ಹುಡುಗನೂ ಬಹಳ ದಿನ ಬರಲಿಲ್ಲ. ಬಂದಾಗ ಭಿನ್ನರಾಶಿ ಇರುವ ಸಮೀಕರಣದಲ್ಲಿ ಕ್ಲಾಸು ಮುಂದೆ ಹೋಗಿತ್ತು. ಹಾಗಾಗಿ ವರ್ಷದ ಕೊನೆಯ ಅಂಕ ತೋರಿಸಿ ಇದೆಲ್ಲ ಹೊಗಳಿಕೆ ಬದಲಿಸಿದ್ದರ ಫಲ ಅಂತ ನಾನು ಹೇಳುವುದಿಲ್ಲ. ಹತ್ತಿಯೂ ಇದೆ, ವಲಸೆಯೂ ಇದೆ, ಸರಿಪಡಿಸದ ಆರನೇ ತರಗತಿಯೂ ಇದೆ. ವರ್ಷದ ಕೊನೆಯ ಎಸ್‌ಎ2 ಉತ್ತರ ಪತ್ರಿಕೆಯಲ್ಲಿ ಕಂಡದ್ದಷ್ಟೇ ಬರೆಯುತ್ತೇನೆ. ಹುಡುಗ ಬಿಡಿಸಿದ ಸಮೀಕರಣದ ಪಕ್ಕದಲ್ಲಿ ತಾಳೆ ನೋಡಿದ್ದ, ಒಂದು ಕಡೆ ತಾಳೆ ಆಗದೆ ಮತ್ತೆ ಮಾಡಿದ್ದ. ಭಿನ್ನರಾಶಿಯವು ಬಿಟ್ಟಿದ್ದ. ಹುಡುಗಿ ವಾಕ್ಯದ ಲೆಕ್ಕ ಎರಡನ್ನೂ ಮುಟ್ಟಿದ್ದಳು, ಒಂದು ತಪ್ಪು, ಆ ತಪ್ಪಿನ ಸಾಲುಗಳೆಲ್ಲ ಅಳಿಸದೆ ಹಾಗೇ ಇದ್ದವು. ಅವಳ ಒಟ್ಟು ಅಂಕ ಎಸ್‌ಎ1ಕ್ಕಿಂತ ಸ್ವಲ್ಪ ಕಡಿಮೆಯೇ ಬಂತು.

ಅತಿಥಿ ಶಿಕ್ಷಕರ ನೇಮಕ ಆ ವರ್ಷಕ್ಕೆ ಮಾತ್ರ, ಜೂನ್‌ನಲ್ಲಿ ಅವರೇ ಬರುತ್ತಾರೆ ಅನ್ನೋ ಖಾತ್ರಿ ಇಲ್ಲ. ಹಾಗಾಗಿ ಸರ್ ಒಂದೊಂದು ಮಗುವಿನ ಬಗ್ಗೆ ಎರಡೆರಡು ಸಾಲು ಬರೆದಿಟ್ಟಿದ್ದಾರೆ, ಯಾವುದು ಬರುತ್ತದೆ, ಯಾವುದು ಬಾಕಿ, ಒಂಬತ್ತನೇ ತರಗತಿಗೆ ಯಾರೇ ಬಂದರೂ ಕೈಗೆ ಕೊಡಲು. ಹತ್ತನೇ ತರಗತಿಯಲ್ಲಿ ಪಾಠ ಮುಗಿಸುವುದೇ ಕಷ್ಟ, ಇದಕ್ಕೆಲ್ಲ ಹೊತ್ತು ಎಲ್ಲಿದೆ ಅಂತ ಸಹೋದ್ಯೋಗಿಗಳು ಕೇಳುತ್ತಾರೆ, ನ್ಯಾಯವಾದ ಪ್ರಶ್ನೆಯೇ. ಅಲ್ಲಿ ನಾನು ವಿಜ್ಞಾನದಲ್ಲಿ ಟಿಪ್ಪಣಿ ಮೊದಲು, ಅಂಕ ಆಮೇಲೆ ಅನ್ನುವುದನ್ನು ಮುಂದಿನ ಎಫ್‌ಎ1ರಿಂದ ಶುರು ಮಾಡುತ್ತೇನೆ. ಹಿಂದಿ ಸರ್ ಕೂಡ ಅಷ್ಟಕ್ಕೆ ಒಪ್ಪಿದ್ದಾರೆ, ಟಿಪ್ಪಣಿಯಲ್ಲಿ ಸರಿ ಇರುವುದನ್ನೂ ಒಂದು ಬರೆಯಬೇಕು ಅನ್ನೋ ಮಾತಿಗೆ ಮಾತ್ರ ನೋಡೋಣ ಅಂದಿದ್ದಾರೆ.